ಕೊಪ್ಪಳ ಜಾತ್ರೆಗೆ ರೀಲ್ ಕ್ಯಾಮೆರಾ: ತೇರು ನೋಡುವವರ ಮುಖ ತೆಗೆಯುವ ಬಗೆ

ಪುಷ್ಯ ಬಹುಳ ಬಿದಿಗೆಯ ಸಂಜೆ ಕೊಪ್ಪಳದ ಗವಿಮಠದ ಮುಂದೆ ಗವಿಸಿದ್ಧೇಶ್ವರರ ತೇರು ಎಳೆಯುವ ಹೊತ್ತಿಗೆ ಲಕ್ಷಗಟ್ಟಲೆ ಜನ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಾರೆ. ಎತ್ತಿದ ಕೈಗಳಲ್ಲೆಲ್ಲ ಮೊಬೈಲು. ತೇರಿನ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಅದಕ್ಕೂ ಮೊದಲೇ ಎಲ್ಲರ ವಾಟ್ಸಾಪಿಗೆ ಬಂದಿರುತ್ತದೆ. ಆದರೆ ಅದೇ ಗಳಿಗೆಯಲ್ಲಿ ಉತ್ತತ್ತಿ ಎಸೆಯಲೆಂದು ತೋಳು ಹಿಂದಕ್ಕೆಳೆದ ಅಜ್ಜನ ಮುಖ, ಅಪ್ಪನ ಹೆಗಲ ಮೇಲೆ ಕೂತು ಪೀಪಿ ಊದುವ ಕೂಸು, ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲೇ ನಗುವ ಸೊಸೆ, ಇವು ಯಾರ ಹತ್ತಿರವೂ ಉಳಿಯುವುದಿಲ್ಲ. ಈ ಬರಹ ಅಂಥ ಫೋಟೋಗಳ ಬಗ್ಗೆ, ಅವನ್ನು ಹಳೆಯ ರೀಲ್ (ಫಿಲ್ಮ್) ಕ್ಯಾಮೆರಾದಲ್ಲಿ ತೆಗೆಯುವುದರ ಬಗ್ಗೆ.

ರೀಲೇ ಯಾಕೆ ಎಂದು ಕೇಳುವವರಿಗೆ ಎರಡು ಮಾತು. ಬಲ್ಬಿನ ಸಾಲು, ಬಿಳಿ ಧೋತರ, ಮಿರ್ಚಿ ಬಾಣಲೆಯ ಹೊಗೆ ಇವನ್ನೆಲ್ಲ ನೆಗೆಟಿವ್ ಮೃದುವಾಗಿ ಹಿಡಿಯುತ್ತದೆ. ಬಿಳುಪು ಒಮ್ಮೆಲೇ ಸುಟ್ಟುಹೋಗುವುದಿಲ್ಲ. ಮೊಬೈಲಿನ ಫಿಲ್ಟರ್ ಹಳದಿ ಬಣ್ಣ ಬಳಿಯಬಲ್ಲದು, ಈ ಮೃದುತನ ಅದರ ಕೈಗೆ ಸಿಗುವುದಿಲ್ಲ. ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ರೀಲ್ ಕ್ಯಾಮೆರಾಕ್ಕೆ ಪರದೆ ಇಲ್ಲ. ಕ್ಲಿಕ್ ಆದ ಮೇಲೆ ನೀವೂ ಅದರೊಳಗೆ ಮುಖ ಹುದುಗಿಸುವುದಿಲ್ಲ, ಎದುರಿನವರೂ ನೋಡಲೆಂದು ಓಡಿ ಬರುವುದಿಲ್ಲ. ಅವರ ಜಾತ್ರೆ ನಿಲ್ಲದೆ ನಡೆಯುತ್ತಿರುತ್ತದೆ.

ಇದು ಫಲಿಸಬೇಕಾದರೆ ಬೆಳಕಿನ ಲೆಕ್ಕ, ದೂರದ ಲೆಕ್ಕ ಎರಡೂ ಕ್ಯಾಮೆರಾ ಕಣ್ಣಿಗೆ ಬರುವ ಮೊದಲೇ ಮುಗಿದಿರಬೇಕು. ಕಣ್ಣಿಗಿಟ್ಟುಕೊಂಡು ರಿಂಗ್ ತಿರುಗಿಸುತ್ತ ನಿಂತರೆ ನಗು ಆರಿಹೋಗುತ್ತದೆ, ಎದುರಿನವರು ಶಾಲಾ ಗ್ರೂಪ್ ಫೋಟೋದವರಂತೆ ಕೈ ಇಳಿಬಿಟ್ಟು ನೆಟ್ಟಗೆ ನಿಂತುಬಿಡುತ್ತಾರೆ. ಮುಂದಿನ ಹಂತಗಳೆಲ್ಲ ಇದನ್ನು ತಪ್ಪಿಸುವುದಕ್ಕೇ ಇವೆ.

ಮೊದಲು ಕ್ಯಾಮೆರಾ

ಬ್ಯಾಟರಿ ಸತ್ತರೂ ಓಡುವ ಕ್ಯಾಮೆರಾ ಆರಿಸಿಕೊಳ್ಳಿ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ10, ನಿಕಾನ್ ಎಫ್‌ಎಂ2 ಇಂಥವುಗಳಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಬೆಳಕಿಗೆ ತೆರೆದು ಮುಚ್ಚುವ ಶಟರ್ ಅದಿಲ್ಲದೆಯೂ ಬೀಳುತ್ತದೆ. ಯಾಶಿಕಾ ಎಲೆಕ್ಟ್ರೋ 35 ಸಿಕ್ಕರೆ ಅದೂ ಒಳ್ಳೆಯದೇ. ಅದರ ಎಫ್/1.7 ಲೆನ್ಸ್ ರಾತ್ರಿ ಜಾತ್ರೆಗೆ ಹೇಳಿ ಮಾಡಿಸಿದಂತಿದೆ (ಎಫ್ ಸಂಖ್ಯೆ ಸಣ್ಣದಾದಷ್ಟು ಲೆನ್ಸ್ ಅಗಲ ತೆರೆದು ಬೆಳಕು ಹೆಚ್ಚು ಬರುತ್ತದೆ). ಆದರೆ ಅದು ಪೂರ್ತಿ ಬ್ಯಾಟರಿಯನ್ನೇ ನಂಬಿದ ಕ್ಯಾಮೆರಾ. ಅದಕ್ಕೆಂದು ಇದ್ದ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ, ಅಡಾಪ್ಟರ್ ಹಾಕಿ ಬೇರೆ ಬ್ಯಾಟರಿ ಕೂರಿಸಬೇಕಾಗುತ್ತದೆ.

ಮನೆಯ ಅಟ್ಟದ ಮೇಲೋ ಟ್ರಂಕಿನಲ್ಲೋ ಅಜ್ಜನ ಆಗ್ಫಾ ಕ್ಲಿಕ್ ಥ್ರೀ ಇದ್ದರೆ ಎಸೆಯಬೇಡಿ. ಅದು 120 ಎಂಬ ಅಗಲ ಅಳತೆಯ ರೀಲು ತೆಗೆದುಕೊಳ್ಳುತ್ತದೆ, ಒಂದು ರೀಲಿಗೆ 12 ಚೌಕ ಫೋಟೋ. ದೂರ ಹೊಂದಿಸುವ ರಿಂಗೇ ಇಲ್ಲ. ಹಗಲು ಬಿಸಿಲಿನಲ್ಲಿ ಎರಡು ಮಾರು ದೂರದಲ್ಲಿ ನಿಂತವರ ಗುಂಪು ಅದರಲ್ಲಿ ಎಷ್ಟು ಚೆಂದ ಬರುತ್ತದೆಂದರೆ, ನಮ್ಮ ಭಾಗದ ಹಳೆಯ ಅಲ್ಬಮ್ಮುಗಳ ಆ ಚೌಕ ಕಪ್ಪು ಬಿಳುಪು ಫೋಟೋಗಳ ರುಚಿ ಅದರಲ್ಲೇ ಇದೆ. ಸಂಜೆಯಾದ ಮೇಲೆ ಮಾತ್ರ ಅದನ್ನು ಚೀಲಕ್ಕೆ ಹಾಕಿಬಿಡಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ನೋಡಬೇಕಾದ್ದು ಮೂರು. ಹಿಂದಿನ ಬಾಗಿಲು ತೆಗೆದು ಶಟರ್ ಒಂದು ಸೆಕೆಂಡಿಗೆ ಇಟ್ಟು ಒತ್ತಿ, ನಿಜಕ್ಕೂ ಒಂದು ಸೆಕೆಂಡು ತೆರೆದಿರುತ್ತದೆಯೇ ಎಂದು ಎಣಿಸಿ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ, ಇದ್ದರೆ ಅದು ಬೂಜು. ಬಾಗಿಲಿನ ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿ. ಅಂಟು ಅಂಟಾಗಿ ಬೆರಳಿಗೆ ಬಂದರೆ ಬೆಳಕು ಸೋರುತ್ತದೆ ಎಂದರ್ಥ. ಹೊಸ ಸ್ಪಂಜ್ ಅಂಟಿಸುವುದು ಕಷ್ಟವೇನಲ್ಲ, ಆದರೆ ಜಾತ್ರೆಗೆ ಮೊದಲೇ ಆಗಬೇಕು. ಹಾಗೆಯೇ ಒಂದು ರೀಲು ನಿಮ್ಮ ಓಣಿಯಲ್ಲೇ ತೆಗೆದು ತೊಳೆಸಿ ನೋಡಿ. ಪರೀಕ್ಷೆ ಮಾಡದ ಕ್ಯಾಮೆರಾವನ್ನು ಜಾತ್ರೆಗೆ ಒಯ್ಯುವುದು ಬೇಡವೇ ಬೇಡ.

ಯಾವ ರೀಲು

ಹಗಲಿಗೆ ಕೊಡಾಕ್ ಗೋಲ್ಡ್ 200, ಸಂಜೆ ರಾತ್ರಿಗೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ 400. ಇವೆರಡೇ ಸಾಕು. ಈ ಸಂಖ್ಯೆ ರೀಲಿನ ಚುರುಕು, ಅದು ಹೆಚ್ಚಾದಷ್ಟು ಕಡಿಮೆ ಬೆಳಕು ಸಾಕು. ಗೋಲ್ಡ್ ಬೆಚ್ಚಗಿನ ಬಣ್ಣದ ರೀಲು. ಬೆಂಡು ಬತ್ತಾಸು, ಕುಂಕುಮದ ರಾಶಿ, ಗಾಜಿನ ಬಳೆ, ಇಳಕಲ್ ಸೀರೆಯ ಕೆಂಪು ಸೆರಗು ಅದರಲ್ಲಿ ತುಂಬಿ ಬರುತ್ತವೆ. ಎಚ್‌ಪಿ5 ಕಪ್ಪು ಬಿಳುಪು, ಅದನ್ನು 1600ಕ್ಕೆ ಏರಿಸಿ, ಎಂದರೆ 1600ರ ರೀಲೆಂದೇ ಲೆಕ್ಕ ಹಿಡಿದು ತೆಗೆದು, ಹೆಚ್ಚು ಹೊತ್ತು ತೊಳೆಯಬಹುದು. ಫೋಟೋದ ಕಾಳು (ಚುಕ್ಕೆ) ದಪ್ಪಗಾಗುತ್ತದೆ, ನೆರಳು ಗಾಢವಾಗುತ್ತದೆ, ಆದರೆ ಮುಖ ಉಳಿಯುತ್ತದೆ.

ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೀಲು ನಮ್ಮ ಊರಿನ ಸ್ಟುಡಿಯೋಗಳಲ್ಲೆಲ್ಲ ಇದ್ದ ಕಾಲವಿತ್ತು. 1960ರಲ್ಲಿ ಹುಟ್ಟಿದ ಆ ಸರ್ಕಾರಿ ಕಾರ್ಖಾನೆ ಈಗ ಮುಚ್ಚಿದೆ. ಹಳೆಯ ಸ್ಟುಡಿಯೋದ ಕಪಾಟಿನಲ್ಲಿ ಅಂಥದೊಂದು ರೀಲು ಸಿಕ್ಕರೆ ಖುಷಿಯಿಂದ ತೆಗೆದುಕೊಳ್ಳಿ, ಆದರೆ ತೇರಿನ ದಿನಕ್ಕೆ ಅದನ್ನೇ ನಂಬಬೇಡಿ. ಅವಧಿ ಮೀರಿದ ರೀಲಿಗೆ ಹತ್ತು ವರ್ಷಕ್ಕೊಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಬೆಳಕು ಹೆಚ್ಚು ಕೊಡಬೇಕೆಂಬ ರೂಢಿಯ ಲೆಕ್ಕವಿದೆ. ಬಿಸಿಲ ನಾಡಿನ ಕಪಾಟಿನಲ್ಲಿ ಬೆಂದ ರೀಲಿಗೆ ಆ ಲೆಕ್ಕವೂ ಸಾಲದಿರಬಹುದು.

ರೀಲು ಬಿಸಿಗೆ ಕೆಡುವ ವಸ್ತು. ಬೈಕಿನ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಡಬ್ಬಿ ತೆರೆಯುವ ಮೊದಲು ಒಂದೆರಡು ತಾಸು ಹೊರಗಿಡಿ, ಇಲ್ಲವಾದರೆ ಒಳಗೆ ಹನಿ ಕಟ್ಟುತ್ತದೆ.

ರೀಲು ತುಂಬಿದ ಮೇಲೆ ಒಂದು ಸಣ್ಣ ಪರೀಕ್ಷೆ ಇದೆ. ಎಡಗಡೆಯ ರಿವೈಂಡ್ ಗುಂಡಿಯನ್ನು ಅದರ ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಬಿಗಿ ಮಾಡಿ. ಆಮೇಲೆ ಬಲಗಡೆ ಲಿವರ್ ಎಳೆಯುವಾಗ ಆ ಗುಂಡಿ ತಾನಾಗಿ ಹಿಮ್ಮುಖ ತಿರುಗಬೇಕು. ತಿರುಗಿದರೆ ರೀಲು ಓಡುತ್ತಿದೆ. ತಿರುಗದಿದ್ದರೆ ಹಲ್ಲಿಗೆ ಸಿಕ್ಕಿಲ್ಲ, ಲೆಕ್ಕದ ಮುಳ್ಳು 36 ತೋರಿಸಿದರೂ ಒಳಗೆ ಒಂದು ಫೋಟೋ ಕೂಡ ಇರುವುದಿಲ್ಲ.

ಬೆಳಕಿನ ಚೀಟಿ

ಜನವರಿಯಲ್ಲಿ ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ಓರೆಯಾಗಿ ಹಾಯುತ್ತಾನೆ. ಹಾಗಾಗಿ ಮಧ್ಯಾಹ್ನವೂ ಮುಖಕ್ಕೆ ಒಂದಿಷ್ಟು ಬೆಳಕು ಸಿಗುತ್ತದೆ. ಕನಕಗಿರಿಯ ಕನಕಾಚಲಪತಿ ತೇರು ಫಾಲ್ಗುಣದಲ್ಲಿ, ಆ ಬಿಸಿಲಿಗೆ ಕಣ್ಣಿನ ಗುಳಿಯೆಲ್ಲ ಕಪ್ಪಾಗಿ ಬೀಳುತ್ತದೆ. ಅಲ್ಲಿಗೆ ಹೋಗುವವರು ಮಧ್ಯಾಹ್ನದ ಹೊತ್ತು ಡೇರೆಯ ನೆರಳಿನಲ್ಲೇ ಕೆಲಸ ಮಾಡುವುದು ಲೇಸು.

ಒಂದು ಚೀಟಿಯಲ್ಲಿ ಈ ಲೆಕ್ಕ ಬರೆದು ಕ್ಯಾಮೆರಾದ ಬೆನ್ನಿಗೆ ಸೆಲ್ಲೋಟೇಪಿನಿಂದ ಅಂಟಿಸಿ. 200ರ ರೀಲು, ಶಟರ್ 1/250 ಸೆಕೆಂಡು:

ಮುಖದ ಮೇಲೆ ನೇರ ಬಿಸಿಲು: ಎಫ್/11
ಬಿಸಿಲು ಬೆನ್ನಿಗೆ, ಮುಖ ನೆರಳಲ್ಲಿ: ಎಫ್/5.6
ಅಂಗಡಿಯ ಅಂಚಿನ ತೆರೆದ ನೆರಳು: ಎಫ್/4
ತಾಡಪಾಲಿನ ಒಳಗೆ: ಎಫ್/2.8, ಶಟರ್ 1/60ಕ್ಕೆ ಇಳಿಸಿ

ರಾತ್ರಿಗೆ 400ರ ರೀಲು: ದೀಪಗಳ ಮಧ್ಯೆ ಎಫ್/2.8, 1/60. ಅದನ್ನೇ 1600 ಎಂದು ಡಯಲ್ ಇಟ್ಟರೆ ಎಫ್/4, 1/125.

ಇದು ಬಿಸಿಲಿನಲ್ಲಿ ಎಫ್/16 ಇಟ್ಟು ಶಟರನ್ನು ರೀಲಿನ ಸಂಖ್ಯೆಗೆ ಸರಿಹೊಂದಿಸುವ ಹಳೆಯ ನಿಯಮದಿಂದಲೇ ಬಂದದ್ದು. ನಾನು ಒಂದು ಸ್ಟಾಪ್ ಧಾರಾಳವಾಗಿ ಕೊಟ್ಟಿದ್ದೇನೆ. ಕಾರಣವಿದೆ. ನೆಗೆಟಿವ್ ರೀಲಿಗೆ ಬೆಳಕು ಒಂದೆರಡು ಪಟ್ಟು ಹೆಚ್ಚಾದರೆ ಏನೂ ಆಗುವುದಿಲ್ಲ. ಕಡಿಮೆಯಾದರೆ ನೆರಳಿನಲ್ಲಿದ್ದ ಮುಖ ನೆಗೆಟಿವಿನ ಮೇಲೆ ಇರುವುದೇ ಇಲ್ಲ, ಆಮೇಲೆ ಯಾವ ಲ್ಯಾಬಿನವರೂ ಅದನ್ನು ತರಲಾರರು. ಬಿಸಿಲಲ್ಲಿ ದುಡಿದ ಕಪ್ಪು ಮೈಬಣ್ಣ, ತಲೆಗೆ ಬಿಳಿ ಪಟಗ, ಮೈಗೆ ಬಿಳಿ ಅಂಗಿ, ನಮ್ಮ ರೈತರು ಹೀಗೇ ಇರುತ್ತಾರೆ. ಕ್ಯಾಮೆರಾದ ಮೀಟರ್ ಆ ಬಿಳುಪನ್ನು ನೋಡಿ ಬೆಳಕು ಬಹಳವಿದೆ ಎಂದು ತಿಳಿಯುತ್ತದೆ, ಮುಖ ಕರಿ ಮಸಿಯಾಗುತ್ತದೆ. ಮೀಟರ್ ನೋಡಲೇಬೇಕೆಂದರೆ ನಿಮ್ಮ ಅಂಗೈಯನ್ನು ಅವರ ಮುಖಕ್ಕೆ ಬೀಳುವ ಬೆಳಕಿನಲ್ಲೇ ಹಿಡಿದು ಅಳೆಯಿರಿ, ಅದಕ್ಕಿಂತ ಒಂದು ಸ್ಟಾಪ್ ಹೆಚ್ಚು ತೆರೆಯಿರಿ.

ತಾಡಪಾಲಿನ ಬಗ್ಗೆ ಒಂದು ಎಚ್ಚರಿಕೆ. ನೀಲಿ ತಾಡಪಾಲಿನ ಕೆಳಗೆ ಕೂತವರ ಮುಖ ಬಣ್ಣದ ರೀಲಿನಲ್ಲಿ ನೀಲಿಯಾಗಿ, ಹಳದಿ ತಾಡಪಾಲಿನ ಕೆಳಗೆ ಕಾಮಾಲೆ ಬಂದವರಂತೆ ಬರುತ್ತದೆ. ಕಣ್ಣು ಅದಕ್ಕೆ ಹೊಂದಿಕೊಂಡಿರುವುದರಿಂದ ಅಲ್ಲಿ ನಿಂತಾಗ ಗೊತ್ತಾಗುವುದಿಲ್ಲ. ಅಂಥ ಕಡೆ ಕಪ್ಪು ಬಿಳುಪು ಬಳಸಿ, ಇಲ್ಲವೇ ಅಂಗಡಿಯ ಅಂಚಿಗೆ ಬಂದು ಬಾಗಿ ಸಾಮಾನು ನೋಡುವ ಗಿರಾಕಿಯನ್ನು ತೆಗೆಯಿರಿ. ಹೊರಗಿನ ಬೆಳಕು ಅವರ ಮುಖಕ್ಕೆ ಬಿದ್ದಿರುತ್ತದೆ.

ಮಾರಿನ ಅಳತೆ

ಎರಡೂ ಕೈ ಚಾಚಿದರೆ ಒಂದು ಮಾರು, ಸುಮಾರು 6 ಅಡಿ. ಜಾತ್ರೆಯ ಫೋಟೋಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. 35 ಮಿಲಿಮೀಟರ್ ಲೆನ್ಸ್ ಹಾಕಿ, ಎಫ್/8 ಇಟ್ಟು, ದೂರದ ರಿಂಗನ್ನು 3 ಮೀಟರಿಗೆ ನಿಲ್ಲಿಸಿಬಿಡಿ. ಒಂದು ಮಾರಿನಿಂದ ನಾಲ್ಕು ಮಾರಿನವರೆಗೆ ಇರುವುದೆಲ್ಲ ಸ್ಪಷ್ಟ ಬರುತ್ತದೆ. ಆಮೇಲೆ ರಿಂಗ್ ಮುಟ್ಟುವ ಕೆಲಸವಿಲ್ಲ, ಕಾಲೇ ಹತ್ತಿರ ದೂರ ನೋಡಿಕೊಳ್ಳುತ್ತದೆ. 50ರ ಲೆನ್ಸಿದ್ದರೆ 4 ಮೀಟರಿಗೆ ಇಡಿ, ಆಗ ಸ್ಪಷ್ಟ ಬರುವುದು ಸುಮಾರು 3ರಿಂದ 6 ಮೀಟರಿನವರೆಗೆ ಮಾತ್ರ. ಗದ್ದಲದಲ್ಲಿ 35 ವಾಸಿ ಅನ್ನುವುದು ಇದಕ್ಕೇ.

ಜಾತ್ರೆಯ ಹಿಂದಿನ ವಾರ ಮನೆಯ ಅಂಗಳದಲ್ಲಿ ಇದನ್ನು ರೂಢಿ ಮಾಡಿ. ಕಂಬ, ತುಳಸಿಕಟ್ಟೆ, ನಿಂತ ಬೈಕು, ಯಾವುದನ್ನಾದರೂ ನೋಡಿ ಎಷ್ಟು ಮಾರು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಆಮೇಲೆ ಅಳೆಯಿರಿ. ಬೇಗನೆ ಕಣ್ಣಿಗೆ ಕೂರುತ್ತದೆ.

ಎಲ್ಲಿ ನಿಲ್ಲಬೇಕು

ತೊಟ್ಟಿಲಿನ ಹತ್ತಿರ ಎಲ್ಲರೂ ದೂರ ನಿಂತು ಇಡೀ ಚಕ್ರ ತೆಗೆಯುತ್ತಾರೆ. ನೀವು ಜನ ಹತ್ತಿ ಇಳಿಯುವ ಹಲಗೆಯ ಪಕ್ಕ ನಿಲ್ಲಿ. ಮೇಲಕ್ಕೆ ಏರುವಾಗ ಜನ ಧೈರ್ಯವಾಗಿಯೇ ಇರುತ್ತಾರೆ. ನೆತ್ತಿ ದಾಟಿ ತೊಟ್ಟಿಲು ಕೆಳಗೆ ಬೀಳುವಾಗ ಹೊಟ್ಟೆಯಲ್ಲಿ ಏನೋ ಎದ್ದಂತಾಗುತ್ತದಲ್ಲ, ಆ ಮುಖ ಬೇಕಾದ್ದು. ಹೊಸದಾಗಿ ಮದುವೆಯಾದವಳು ಗಂಡನ ತೋಳು ಹಿಡಿಯುವುದು ಆಗಲೇ, ಅವನು ನಕ್ಕಂತೆ ಮಾಡಿ ಕಂಬಿ ಹಿಡಿಯುವುದೂ ಆಗಲೇ. ಇಳಿಯುವ ಬದಿಗೆ ನಿಂತು ಶಟರ್ 1/250 ಇಟ್ಟು ಕಾಯಿರಿ.

ಕೊಲಂಬಸ್ ಹಡಗಿನಲ್ಲಿ ಒಂದು ಅನುಕೂಲವಿದೆ. ತೂಗುವ ಯಾವುದೇ ವಸ್ತು ತುದಿ ಮುಟ್ಟಿದಾಗ ಒಂದು ಕ್ಷಣ ನಿಂತೇ ತಿರುಗಬೇಕು. ಕೂಗು ಜೋರಾಗಿರುವುದೂ ಅದೇ ಕ್ಷಣದಲ್ಲಿ. ಅಲ್ಲಿ 1/125 ಕೂಡ ಸಾಕು, ಸಂಜೆಯ ಕಡಿಮೆ ಬೆಳಕಿನಲ್ಲೂ ಮುಖಗಳು ಅಲುಗದೆ ಬರುತ್ತವೆ. ನಡುವೆ ಹಾಯುವಾಗ ತೆಗೆದರೆ ಎಲ್ಲ ಮಸುಕು.

ಮಕ್ಕಳ ಕುದುರೆ ಗಾಲಿಗೆ ಮಸುಕೇ ಬೇಕು. ಶಟರ್ 1/30ಕ್ಕೆ ಇಳಿಸಿ, ಒಂದು ಮಗುವನ್ನು ಗುರಿ ಹಿಡಿದು ಅದರ ಜೊತೆಗೇ ಸೊಂಟದಿಂದ ತಿರುಗಿ, ತಿರುಗುತ್ತಲೇ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಮಗು ಸ್ಪಷ್ಟ, ಹಿಂದಿನ ಜಾತ್ರೆಯೆಲ್ಲ ಗೆರೆ ಗೆರೆ. ಒಂದೊಳ್ಳೆಯದು ಸಿಗಲು ನಾಲ್ಕೈದು ಫ್ರೇಮು ಹೋಗುತ್ತವೆ, ಅದಕ್ಕೆ ಕೃಪಣತನ ಬೇಡ.

ಬೈಕಿನವನು ಗೋಡೆ ಹತ್ತುವ ಸಾವಿನ ಬಾವಿಯಲ್ಲಿ ಬೈಕನ್ನು ಬಿಟ್ಟುಬಿಡಿ. ಮೇಲೆ ಸುತ್ತ ನಿಂತು ಬಾಗಿ ನೋಡುವ ಜನರ ವರ್ತುಲವನ್ನು ಎದುರಿನ ಅಂಚಿನಿಂದ ತೆಗೆಯಿರಿ. ಬೈಕು ತಮ್ಮ ಬದಿಗೆ ಏರಿ ಬಂದಾಗ ಎಲ್ಲರೂ ಒಮ್ಮೆಲೇ ಹಿಂದೆ ಸರಿಯುತ್ತಾರೆ, ಒಬ್ಬ ಹುಡುಗ ಮಾತ್ರ ನೋಟು ಚಾಚಿ ಹಾಗೇ ನಿಂತಿರುತ್ತಾನೆ.

ಬಳೆ ಅಂಗಡಿಯ ಮುಂದೆ ಹೆಚ್ಚು ಹೊತ್ತು ಕಳೆಯಿರಿ. ನನ್ನ ಮಟ್ಟಿಗೆ ಇಡೀ ಜಾತ್ರೆಯಲ್ಲಿ ರೀಲಿಗೆ ತಕ್ಕ ಜಾಗ ಇದೇ. ಬಳೆಗಾರ್ತಿ ಹುಡುಗಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೊದಲು ಹೆಬ್ಬೆರಳನ್ನು ಅಂಗೈಯೊಳಗೆ ಮಡಚುತ್ತಾಳೆ. ಗೆಣ್ಣುಗಳನ್ನು ಒಂದರ ಮೇಲೊಂದು ಬರುವಂತೆ ಒತ್ತಿ ಒತ್ತಿ ಕೈಯನ್ನೇ ಸಣ್ಣದು ಮಾಡುತ್ತಾಳೆ. ಹಸಿರು ಗಾಜಿನ ಬಳೆ ಗೆಣ್ಣಿನ ಮೇಲೆ ಬಂದು ನಿಂತಾಗ ಹುಡುಗಿ ಕಣ್ಣು ಮುಚ್ಚಿ ತುಟಿ ಕಚ್ಚುತ್ತಾಳೆ, ಪಕ್ಕದಲ್ಲಿ ನಿಂತ ಅವ್ವನೂ ತಾನೇ ತೊಡುತ್ತಿರುವಂತೆ ತುಟಿ ಕಚ್ಚಿರುತ್ತಾಳೆ. ಬಳೆ ಜಾರಿ ಮಣಿಕಟ್ಟಿಗೆ ಬಿದ್ದ ತಕ್ಷಣ ಇಬ್ಬರ ಉಸಿರೂ ಒಟ್ಟಿಗೆ ಬಿಡುತ್ತದೆ. ಎರಡು ಫ್ರೇಮು ಇಲ್ಲಿವೆ, ಬಳೆ ನಿಂತಾಗ ಒಂದು, ಬಿದ್ದಾಗ ಒಂದು. ಇಲ್ಲಿ ಹತ್ತಿರ ಹೋಗಿ ಕೂತು ತೆಗೆಯಬೇಕು, ಮೂರು ಮೀಟರಿನ ಲೆಕ್ಕ ನಡೆಯುವುದಿಲ್ಲ. ಮೊದಲೇ ಬಳೆಗಾರ್ತಿಯ ಕೈಗೆ ದೂರ ಹೊಂದಿಸಿಟ್ಟುಕೊಳ್ಳಿ. ಗಿರಾಕಿ ಬದಲಾದರೂ ಅವಳ ಕೈ ಅದೇ ಜಾಗದಲ್ಲಿರುತ್ತದೆ.

ತೇರಿನ ಹೊತ್ತಿಗೆ ಕೈಮುಗಿದು, ಆಮೇಲೆ ತೇರಿನ ಹಾದಿಯ ಬದಿಯಲ್ಲಿ ಎತ್ತರದ ಕಟ್ಟೆಯೋ ಮೆಟ್ಟಿಲೋ ಹಿಡಿದು ಜನರತ್ತ ತಿರುಗಿ. ತೇರಿನ ಹಗ್ಗದ ಹತ್ತಿರ, ಗಾಲಿಯ ಹತ್ತಿರ ಕ್ಯಾಮೆರಾ ಹಿಡಿದು ನಿಲ್ಲುವುದು ಅಪಾಯ, ಪೊಲೀಸರೂ ಸ್ವಯಂಸೇವಕರೂ ಬಿಡುವುದಿಲ್ಲ, ಬಿಡಲೂಬಾರದು. ಉತ್ತತ್ತಿ, ಬಾಳೆಹಣ್ಣು ತಲೆಯ ಮೇಲೆ ಹಾರುತ್ತಿರುತ್ತವೆ. ಲೆನ್ಸಿಗೆ ಒಂದು ಸಾದಾ ಯುವಿ ಫಿಲ್ಟರ್ ಇರಲಿ. ಉತ್ತತ್ತಿ ಬಡಿದರೆ ಫಿಲ್ಟರ್ ಒಡೆಯುತ್ತದೆ, ಲೆನ್ಸ್ ಉಳಿಯುತ್ತದೆ.

ಮಹಾದಾಸೋಹದಲ್ಲಿ ಉಣ್ಣುವವರ ಬಾಯಿಯ ಮುಂದೆ ಕ್ಯಾಮೆರಾ ಹಿಡಿಯಬೇಡಿ. ಊರೂರಿನಿಂದ ಟ್ರ್ಯಾಕ್ಟರಿನಲ್ಲಿ ಬರುವ ಜೋಳದ ರೊಟ್ಟಿಯ ಗಂಟು ಬಿಚ್ಚುವ ಕೈಗಳು, ಬಡಿಸುವವರು, ಎಲೆಗೆ ಕಾಯುವ ಮಕ್ಕಳು, ಇಷ್ಟರಲ್ಲೇ ಬೇಕಾದಷ್ಟಿದೆ. ಕೆರೆಯ ದಂಡೆಯಲ್ಲಿ ಸ್ನಾನ ಮಾಡುವ ಹೆಣ್ಣುಮಕ್ಕಳ ಕಡೆ, ಗಾಡಿಯಲ್ಲಿ ಮೈಮರೆತು ಮಲಗಿದವರ ಕಡೆ ಕ್ಯಾಮೆರಾ ತಿರುಗಲೇಬಾರದು.

ಕೇಳುವುದು

ನಗುತ್ತಿರುವವರನ್ನು ಮೊದಲೇ ಕೇಳಿದರೆ ನಗು ಹೋಗುತ್ತದೆ, ಕೇಳದೇ ತೆಗೆದು ಓಡಿದರೆ ಅದು ಕದ್ದಂತೆ. ನಾನು ಅನುಸರಿಸುವುದು ಇದು: ಕ್ಯಾಮೆರಾ ಎದೆಯ ಮೇಲೆ ಕಾಣುವಂತೆ ಇರಲಿ, ಹತ್ತಿರ ಸುಳಿದಾಡಿ, ಅವರು ನಿಮ್ಮನ್ನು ನೋಡಿ ಮತ್ತೆ ತಮ್ಮ ಸಂತೋಷಕ್ಕೆ ತಿರುಗುವವರೆಗೆ ಕಾಯಿರಿ, ಒಂದು ತೆಗೆಯಿರಿ, ತಕ್ಷಣ ಹೋಗಿ ಮಾತಾಡಿಸಿ. ಮಕ್ಕಳಾದರೆ ಮಾತ್ರ ತಂದೆ ತಾಯಿಯನ್ನು ಮೊದಲೇ ಕೇಳಬೇಕು. ಮಾತು ಹೆಚ್ಚಾಗಿ ಹೀಗೆ ನಡೆಯುತ್ತದೆ:

“ಯಕ್ಕಾ, ನಿಮ್ದೊಂದು ಫೋಟೋ ತಗದೆ ರೀ. ನಡೀತೈತಿಲ್ರಿ?”

“ಯಾಕಪಾ, ಪೇಪರ್‌ನ್ಯಾಗ ಹಾಕ್ತಿಯೇನು?”

“ಇಲ್ರಿ, ಜಾತ್ರಿ ನೆನಪಿಗೆ. ಪ್ರಿಂಟ್ ಹಾಕ್ಸಿ ನಿಮಗ ಮುಟ್ಟಿಸ್ತೀನ್ರಿ.”

“ಎಲ್ಲಿ ತೋರ್ಸು ನೋಡೂಣು.”

“ಇದು ರೀಲಿನ ಕ್ಯಾಮೆರಾ ರೀ ಯಕ್ಕಾ, ತೊಳದ ಮ್ಯಾಲ ಕಾಣೂದು.”

ಇಷ್ಟಾದರೆ ಹಿರಿಯರು ತಮ್ಮ ಮದುವೆಯ ಫೋಟೋದ ಕಥೆ ತೆಗೆಯುತ್ತಾರೆ, ಬಣ್ಣದ ಪರದೆಯ ಮುಂದೆ ಜಾತ್ರೆಯ ಸ್ಟುಡಿಯೋದಲ್ಲಿ ತೆಗೆಸಿದ್ದರ ಕಥೆ ತೆಗೆಯುತ್ತಾರೆ. ಕೂತು ಕೇಳಿ. ಬೇಡ ಅಂದರೆ ಆಯಿತು ಎಂದು ಹೇಳಿ, ಆ ಫ್ರೇಮಿನ ಸಂಖ್ಯೆ ಬರೆದಿಟ್ಟುಕೊಂಡು ಅದನ್ನು ಎಲ್ಲೂ ಹಾಕಬೇಡಿ. ಹ್ಞೂಂ ಅಂದವರ ಹೆಸರು, ಊರು, ಫೋನ್ ನಂಬರ್ ಸಣ್ಣ ಪುಸ್ತಕದಲ್ಲಿ ಫ್ರೇಮಿನ ಸಂಖ್ಯೆಯ ಎದುರಿಗೆ ಬರೆದುಕೊಳ್ಳಿ.

ಹೊತ್ತು ಮುಳುಗಿದ ಮೇಲೆ

ಜನವರಿಯಲ್ಲಿ ಕೊಪ್ಪಳದಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಆಸುಪಾಸು. ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ ಆಕಾಶ ಗಾಢ ನೀಲಿಯಾಗಿದ್ದು ತೊಟ್ಟಿಲಿನ ದೀಪಗಳ ಬೆಳಕಿಗೆ ಸರಿಸಮ ಬರುತ್ತದೆ. ಬಣ್ಣದ ರೀಲಿನ ಕೊನೆಯ ಫ್ರೇಮುಗಳನ್ನು ಇದಕ್ಕೆಂದೇ ಉಳಿಸಿಕೊಳ್ಳಿ. ಆಮೇಲೆ ಆಕಾಶ ಬರೀ ಕಪ್ಪು. ತೇರು ಹುಣ್ಣಿಮೆ ಕಳೆದ ಬಿದಿಗೆಗೆ ಆದ್ದರಿಂದ ಚಂದ್ರ ಏಳುವುದೂ ತಡ, ಅವನನ್ನು ನಂಬಿ ಕೂರಬೇಡಿ.

ತೊಟ್ಟಿಲಿನ ಬೆಳಕು ಬಳೆಯಾಗಿ ಬರಬೇಕೆಂದರೆ ಕ್ಯಾಮೆರಾವನ್ನು ಕಟ್ಟೆಯ ಮೇಲೋ ನಿಂತ ಟ್ರ್ಯಾಕ್ಟರಿನ ಟ್ರೇಲರ್ ಅಂಚಿಗೋ ಇಡಿ. ಗದ್ದಲದಲ್ಲಿ ಟ್ರೈಪಾಡ್ ಹರಡಿದರೆ ಜನ ಎಡವುತ್ತಾರೆ. ಎಫ್/16 ಇಟ್ಟು 2, 4, 8 ಸೆಕೆಂಡಿನ ಮೂರು ಫ್ರೇಮು ತೆಗೆಯಿರಿ. ಚಕ್ರ ಪೂರ್ತಿ ಸುತ್ತಬೇಕಾಗಿಲ್ಲ. ಒಂದು ತೊಟ್ಟಿಲಿನ ದೀಪ ಮುಂದಿನ ತೊಟ್ಟಿಲಿನ ಜಾಗಕ್ಕೆ ಬಂದರೆ ವರ್ತುಲ ಕೂಡಿಕೊಳ್ಳುತ್ತದೆ. ಒಂದು ಸೆಕೆಂಡಿಗಿಂತ ಹೆಚ್ಚು ತೆರೆದಾಗ ರೀಲಿನ ಚುರುಕು ಕುಗ್ಗುತ್ತದೆ. ಎಚ್‌ಪಿ5ಕ್ಕೆ ಲೆಕ್ಕದ 4 ಸೆಕೆಂಡನ್ನು 6 ಮಾಡಿ, 8 ಸೆಕೆಂಡನ್ನು 15 ಮಾಡಿ. ಟಿಕೆಟ್ಟಿಗೆ ಸಾಲಿನಲ್ಲಿ ನಿಂತು ಕತ್ತೆತ್ತಿ ನೋಡುವವರು ಅಷ್ಟು ಹೊತ್ತು ತಾವಾಗಿಯೇ ಅಲುಗದೆ ನಿಂತಿರುತ್ತಾರೆ, ಅವರನ್ನು ಮುಂದಕ್ಕೆ ಸೇರಿಸಿಕೊಳ್ಳಿ. ಜನರಿಲ್ಲದ ಬೆಳಕಿನ ಚಕ್ರ ಕ್ಯಾಲೆಂಡರಿಗಷ್ಟೇ ಆದೀತು.

ಈಗಿನ ಎಲ್‌ಇಡಿ ದೀಪಗಳು ಓಡುತ್ತ ಆರುತ್ತ ಇರುತ್ತವೆ. ಶಟರ್ ಚುರುಕಾಗಿಟ್ಟರೆ ಅರ್ಧ ದೀಪ ಆರಿದಂತೆ ಬರುತ್ತದೆ. 1/30 ಅಥವಾ ಅದಕ್ಕಿಂತ ನಿಧಾನ ಇದ್ದರೆ ಹೆಚ್ಚು ದೀಪಗಳು ಸಿಗುತ್ತವೆ.

ಇನ್ನು ಫ್ಲ್ಯಾಶ್. ಎಂಬತ್ತು ತೊಂಬತ್ತರ ದಶಕದ ಅಲ್ಬಮ್ಮುಗಳಲ್ಲಿ ಕಾಣುವ, ಮುಖ ಬೆಳ್ಳಗೆ ಹೊಳೆದು ಹಿಂದೆ ಕತ್ತಲೆ ಬಿದ್ದ ಆ ಫೋಟೋ ಬೇಕಾದರೆ ಕ್ಯಾಮೆರಾದ ತಲೆಯ ಮೇಲಿನ ನೇರ ಫ್ಲ್ಯಾಶೇ ಸರಿ. ಫ್ಲ್ಯಾಶಿನ ಗೈಡ್ ನಂಬರನ್ನು (ಅದರ ಶಕ್ತಿ ಹೇಳುವ ಸಂಖ್ಯೆ) ಮೀಟರ್ ಲೆಕ್ಕದ ದೂರದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. 100ರ ರೀಲಿಗೆ ನಂಬರ್ 20 ಇದ್ದರೆ 400ರ ರೀಲಿಗೆ ಅದು 40. 5 ಮೀಟರಿಗೆ ಎಫ್/8, ಎರಡೂವರೆ ಮೀಟರಿಗೆ ಎಫ್/16. ಕೆ1000ದಲ್ಲಿ ಶಟರ್ 1/60ಕ್ಕಿಂತ ಮೇಲೆ ಹೋಗಬಾರದು, ಹೋದರೆ ಅರ್ಧ ಫೋಟೋ ಕಪ್ಪು. ಕೆಳಗೆ ಹೋಗಬಹುದು, ಹೋಗಬೇಕು ಕೂಡ: 1/15 ಇಟ್ಟರೆ ಮುಖ ಫ್ಲ್ಯಾಶಿಗೆ ನಿಲ್ಲುತ್ತದೆ, ಹಿಂದಿನ ದೀಪಗಳು ಎಳೆದಂತೆ ಬರುತ್ತವೆ. ಜಾತ್ರೆಯ ಗದ್ದಲವೇ ಅದರಲ್ಲಿ ಕೇಳಿಸುತ್ತದೆ. ತೊಟ್ಟಿಲಿನ ಆಪರೇಟರ್, ಸಾವಿನ ಬಾವಿಯ ಸವಾರ, ಬಾಣಲೆಯ ಮುಂದೆ ಮಿರ್ಚಿ ಕರಿಯುವವರು, ಇವರ ಕಣ್ಣಿಗೆ ಮಾತ್ರ ಎಂದೂ ಫ್ಲ್ಯಾಶ್ ಹೊಡೆಯಬೇಡಿ.

ಧೂಳು

ಲಕ್ಷ ಜನರ ಕಾಲಿಗೆ ಎದ್ದ ಧೂಳು ಸಂಜೆಗೆ ಎಲ್ಲದರ ಮೇಲೂ ಕೂರುತ್ತದೆ. ರೀಲು ಬದಲಿಸಲು ಬಯಲಿನಲ್ಲಿ ಬಾಗಿಲು ತೆಗೆಯಬೇಡಿ. ಯಾವುದಾದರೂ ಅಂಗಡಿಯ ಹಿಂಬದಿಗೆ ಹೋಗಿ, ಗಾಳಿಗೆ ಬೆನ್ನು ಮಾಡಿ, ಹೊಟ್ಟೆಯ ಹತ್ತಿರ ಹಿಡಿದು ಬದಲಿಸಿ. ಒಳಗೆ ಒಂದು ಕಾಳು ಉಸುಕು ಸೇರಿದರೂ ಇಡೀ ರೀಲಿಗೆ ಉದ್ದಕ್ಕೆ ಗೆರೆ ಬೀಳುತ್ತದೆ. ಮುಗಿದ ರೀಲನ್ನು ನಾಲಿಗೆ (ರೀಲಿನ ತುದಿ) ಹೊರಗುಳಿಯದಂತೆ ಪೂರ್ತಿ ಒಳಕ್ಕೆ ಸುತ್ತಿ, 1600ಕ್ಕೆ ಏರಿಸಿದ್ದರೆ ಡಬ್ಬಿಯ ಮೇಲೆ ಅಲ್ಲೇ ಬರೆಯಿರಿ.

ತೊಳೆಯುವುದು

ಬಣ್ಣದ ರೀಲನ್ನು ಸಿ-41 (ಬಣ್ಣದ ನೆಗೆಟಿವ್ ತೊಳೆಯುವ ವಿಧಾನ) ಮಾಡುವ ಲ್ಯಾಬಿಗೆ ಕಳಿಸಿ. ಹತ್ತಿರದಲ್ಲಿಲ್ಲದಿದ್ದರೆ ದೊಡ್ಡ ಊರಿನ ಲ್ಯಾಬಿಗೆ ಕೊರಿಯರ್ ಮಾಡಬಹುದು. ನೆಗೆಟಿವ್ ಕತ್ತರಿಸಿ ಕವರಿಗೆ ಹಾಕಿ ವಾಪಸು ಕಳಿಸಬೇಕೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸ್ಕ್ಯಾನ್ ಮಾತ್ರ ಕಳಿಸಿ ನೆಗೆಟಿವ್ ಎಸೆಯುವ ಕಡೆಗಳೂ ಇವೆ.

ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯುವುದು ಕಲಿಯಿರಿ, ಕಷ್ಟದ ವಿದ್ಯೆಯಲ್ಲ. 400ಕ್ಕೇ ತೆಗೆದ ಎಚ್‌ಪಿ5ಕ್ಕೆ ಡಿ-76 ಎಂಬ ಡೆವಲಪರ್ ದ್ರಾವಣವನ್ನು ಅಷ್ಟೇ ನೀರಿಗೆ ಬೆರೆಸಿ 20 ಡಿಗ್ರಿಯಲ್ಲಿ 11 ನಿಮಿಷ. ನಮ್ಮ ಊರುಗಳಲ್ಲಿ ತೊಡಕು ಎರಡು. ಮೊದಲನೆಯದು ಬಿಸಿ. ಜನವರಿಯ ಬೆಳಗಿನ ಜಾವ ಟ್ಯಾಂಕಿನ ನೀರು ತಣ್ಣಗಿರುತ್ತದೆ, ಆಗಲೇ ತೊಳೆದುಬಿಡಿ. ಬೇಸಿಗೆಗೆ ಮುಂದೂಡಿದರೆ ಬಾಟಲಿಗಳನ್ನು ಐಸ್ ಹಾಕಿದ ಬುಟ್ಟಿಯಲ್ಲಿಟ್ಟು ಥರ್ಮಾಮೀಟರ್ ನೋಡುತ್ತ ಕೂರಬೇಕಾಗುತ್ತದೆ. ಎರಡನೆಯದು ಬೋರ್ ನೀರಿನ ಗಡಸು. ಒಣಗಿದ ಮೇಲೆ ನೆಗೆಟಿವ್ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ, ಒರೆಸಿದರೆ ಗೀರು ಬೀಳುತ್ತದೆ. ಕೊನೆಯ ಜಾಲಾಡುವಿಕೆಗೆ ಪೆಟ್ರೋಲ್ ಬಂಕಿನಲ್ಲೋ ಆಟೊಮೊಬೈಲ್ ಅಂಗಡಿಯಲ್ಲೋ ಸಿಗುವ ಬ್ಯಾಟರಿ ನೀರು ಬಳಸಿ. ಡಿಸ್ಟಿಲ್ಡ್ ವಾಟರ್ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ, ಆಸಿಡ್ ಡಬ್ಬಿಯೂ ಅದರ ಪಕ್ಕದಲ್ಲೇ ಇರುತ್ತದೆ. ಬಚ್ಚಲಮನೆಯ ನೆಲ ಗೋಡೆಗೆ ನೀರು ಚಿಮುಕಿಸಿ ಧೂಳು ಕೂರಿಸಿ, ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು ಬಾಗಿಲು ಮುಚ್ಚಿ.

ಪ್ರಿಂಟ್ ಮುಟ್ಟಿಸುವುದು

ಮಾತು ಕೊಟ್ಟ ಮೇಲೆ ಪ್ರಿಂಟ್ ಮುಟ್ಟಿಸಲೇಬೇಕು. 4x6 ಅಳತೆಯದು ಸಾಕು. ಮೊದಲು ಸ್ಕ್ಯಾನನ್ನು ವಾಟ್ಸಾಪಿಗೆ ಕಳಿಸಿ, ಇದನ್ನೇ ಹಾಕಿಸಲೇ ಎಂದು ಕೇಳಿ. ಎಷ್ಟೋ ಸಲ ಅವರು ಬೇರೆ ಯಾರದೋ ಮುಖವನ್ನು ಮೂಲೆಯಲ್ಲಿ ಗುರುತಿಸಿ, ಅವರಿಗೂ ಒಂದು ಹಾಕಿಸು ಅನ್ನುತ್ತಾರೆ. ಅಂಗಡಿಯವರಾದರೆ ತಡ ಮಾಡಬೇಡಿ. ಬಳೆಯವರು, ಆಟಿಕೆಯವರು, ತೊಟ್ಟಿಲಿನವರು ಇಲ್ಲಿ ಡೇರೆ ಕಿತ್ತು ಮುಂದಿನ ಜಾತ್ರೆಗೆ ಹೊರಡುವವರು. ಮುಂದಿನ ಊರು ಯಾವುದೆಂದು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಂಡಿದ್ದರೆ ಅಲ್ಲಿಗೇ ಒಯ್ದು ಕೊಡಬಹುದು, ಅಲ್ಲಿ ಇನ್ನೊಂದು ರೀಲಿಗೂ ಕೆಲಸ ಸಿಗುತ್ತದೆ.

ಪ್ರಿಂಟಿನ ಬೆನ್ನಿಗೆ ಅಂಚಿನಲ್ಲಿ ತೆಳ್ಳನೆಯ ಮಾರ್ಕರಿನಿಂದ ಜಾತ್ರೆಯ ಹೆಸರು, ಇಸವಿ, ಫೋಟೋದಲ್ಲಿರುವವರ ಹೆಸರು ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ. ಮಸಿ ಪೂರ್ತಿ ಒಣಗುವವರೆಗೆ ಒಂದರ ಮೇಲೊಂದು ಪೇರಿಸಬೇಡಿ. ನೆಗೆಟಿವ್ ಕವರಿನ ಮೇಲೂ ಇದನ್ನೇ ಬರೆದು, ಹೆಸರು ಬರೆದ ಆ ಸಣ್ಣ ಪುಸ್ತಕವನ್ನೂ ಅದರ ಜೊತೆಗೇ ಕಬ್ಬಿಣದ ಕಪಾಟಿನಲ್ಲಿ, ತೇವ ತಾಗದ ಮೇಲಿನ ಅರೆಯಲ್ಲಿ ಇಡಿ.